ಅಣ್ಣನ ಹೆಸರಿನ ರಕ್ತ

ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬಾಕೆ ರಕ್ತಪರೀಕ್ಷೆಯ ವರದಿ ಹಿಡಿದು ಮೈದುನನನ್ನು ಕೇಳುತ್ತಿದ್ದಳು.

“ಈ ಅಂಕಿ ಐದರೊಳಗಿರ್ಬೇಕು ಅಂದಿದ್ರು, ನಲವತ್ತಾಗಿದೆಯಲ್ಲೋ! ನಿಮ್ಮಣ್ಣನಿಗೆ ಕರುಳಿನ ಕ್ಯಾನ್ಸರ್ ಮತ್ತೆ ಬಂತಾ?”

“ಅಳಬೇಡಿ ಅತ್ತಿಗೆ. ಅದು ಅಣ್ಣನ ರಕ್ತ ಅಲ್ಲ.”

“ಮತ್ಯಾರದು?”

“ನಂದು. ಆಪರೇಷನ್ ಆದಮೇಲೆ ಪ್ರತಿಸಲ ಅವನೇ ಕೊಡ್ತಿದ್ದ. ಈ ಸಲ ಲ್ಯಾಬ್ ಬಾಗಿಲಲ್ಲೇ ಹೆದರಿ ಕೂತ್ಬಿಟ್ಟ. ವರದಿ ಇಲ್ದೆ ಹೋದ್ರೆ ನೀವು ಬಿಡ್ತೀರಾ? ಅವನ ಹೆಸರು ಹೇಳಿ ನಾನೇ ಕೈ ಚಾಚಿದೆ.”

“ಹಾಳಾದವನೇ! ನನ್ನ ಜೀವ ಬಾಯಿಗೆ ಬಂದಿತ್ತು.”

ಆಕೆ ಕಣ್ಣೊರೆಸಿಕೊಂಡು ನಕ್ಕೇಬಿಟ್ಟಳು. ಮತ್ತೆ ವರದಿ ನೋಡಿದಳು. ನಗು ಅಲ್ಲೇ ನಿಂತಿತು.

“ನಿನಗೆ... ಹೊಟ್ಟೆನೋವು ಏನಾದ್ರೂ ಇದೆಯೇನೋ?”

“ಆರು ತಿಂಗಳಿಂದ ಇದೆ. ಗ್ಯಾಸ್ ಅಂದ್ಕೊಂಡಿದ್ದೆ.”

ನರ್ಸ್ ಹೊರಬಂದು ಅಣ್ಣನ ಹೆಸರು ಕೂಗಿದಳು. ತಮ್ಮ ಎದ್ದು ಒಳಗೆ ಹೋದ.