ರೇಡಿಯೋದಾಗಿನ ಬೀಪ್

ವಿಜಯಪುರದಿಂದ ಹೊರಟ ಕನಮಡಿ ಬಸ್ಸಿನಲ್ಲಿ ನನ್ನ ಮುಂದೆ ಕೂತ ಮುದುಕ ಸಣ್ಣ ರೇಡಿಯೋವನ್ನು ಕಿವಿಗೆ ಹಿಡಿದು ಹೆಂಡತಿಗೆ ಹೇಳಿದ:

“ಪರಸವ್ವ, ಮತ್ತ ಬೀಪ್ ಅಂತು.”

“ನನಗೇನೂ ಕೇಳಲಿಲ್ಲರಿ.”

“ರಿಪೇರಿಯವನೂ ಹಂಗ ಅಂದ. ಹೊಸಾ ಸೆಲ್ ಹಾಕಿದ್ರೂ ಬಿಡವಲ್ದು.”

“ಬಂದ್ ಮಾಡ್ರಿ ಅದನ್ನ.”

“ಮಾಡೇನಿ. ನೋಡು, ಬಂದ್ ಇದ್ರೂ ಬೀಪ್ ಅಂತೈತಿ.”

ಆಕೆ ಅವನ ಕಿವಿಯತ್ತ ನೋಡಿದಳು.

“ಕಿವಿ ಮಷೀನಿನ ಸೆಲ್ ಯಾವಾಗ ಬದಲಿ ಮಾಡೀರಿ?”

“ಅದಕ್ಕೇನಾಗೇತಿ? ಛಲೋ ಐತಿ.”

“ಒಮ್ಮೆ ತಗೀರಿ.”

ತೆಗೆದ.

“ಈಗ ಬೀಪ್ ನಿಂತತೇನ್ರಿ?”

“ಏನಂದಿ?”

“ಬೀಪ್, ಬೀಪ್ ನಿಂತತೇನು?”

ಅವನು ಮತ್ತೆ ರೇಡಿಯೋ ಹಚ್ಚಿ ಕಿವಿಗೆ ಒತ್ತಿಕೊಂಡ. ಅದರ ಹಾಡು ನಮಗೆಲ್ಲ ಕೇಳುತ್ತಿತ್ತು.

“ಬೀಪ್ ಹೋತು. ಅದರ ಕೂಡ ಹಾಡೂ ಹೋತು. ಏಳು, ಹೊಳ್ಳಿ ರಿಪೇರಿಗೆ ಹೋಗೂಣು.”

ಆಕೆ ಅವನ ಕಿವಿ ತೋರಿಸಿ ಕೈಸನ್ನೆ ಮಾಡಿ ಮಾಡಿ ಸಾಕಾದಳು. ಟಿಕೋಟಾದಲ್ಲಿ ಇಬ್ಬರೂ ಇಳಿದು ವಿಜಯಪುರದ ಬಸ್ಸಿಗೆ ನಿಂತರು. ಅವನ ಕೈಯಲ್ಲಿ ರೇಡಿಯೋ ಹಾಡುತ್ತಲೇ ಇತ್ತು.