ಕೂಸು ಹಿಡಿದ ಸೆರಗು

ಸಿಂದಗಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಕುಳಿತಿದ್ದರು. ಮಕ್ಕಳಿಗಾಗಿ ಕೋರ್ಟಿಗೆ ಅಲೆಯುವ ತಾಯಂದಿರಿಗೆ ನೆರವಾಗುವ ಸಂಸ್ಥೆಯೊಂದರ ಮೇಡಂ ಮತ್ತು ಅವರ ಕೈಕೆಳಗಿನ ಕಾರ್ಯಕರ್ತೆ.

“ದಾನೇಶ್ವರಿ, ಕೋರ್ಟಿನ್ಯಾಗ ಏನಾತು?”

“ನಿನ್ನ ತಾಯಿ ಯಾರು ಅಂತ ಜಡ್ಜ್ ಸಾಹೇಬ್ರು ಕೂಸಿಗೆ ಕೇಳಿದ್ರು. ಕೂಸು ಓಡಿ ಬಂದು ನನ್ನ ಸೆರಗು ಹಿಡೀತ್ರಿ.”

“ಹೆತ್ತಾಕಿ ಸೈದಾಬಿ ಎದುರಿಗೇ?”

“ಹೌದ್ರಿ. ಗಂಡನ ಮನ್ಯಾವ್ರು ಎರಡು ವರ್ಷ ಅಕಿನ್ನ ಬಾಗಲಾಗ ನಿಲ್ಲಾಕ ಬಿಟ್ಟಿಲ್ಲ. ತಿಂಗಳ ತಿಂಗಳ ಕೂಸಿನ್ನ ನೋಡಾಕ ಹೋದಾಕಿ ನಾನೇ.”

“ಈ ಕೇಸ್ ಬಿಡವಾ. ನೀ ಇದ್ರ ಅಕಿಗೆ ಕೂಸು ಸಿಗೂದಿಲ್ಲ.”

“ಬಿಡ್ತೇನ್ರಿ. ಮತ್ತ ಯಾರನ್ನ ಕಳಸ್ತೀರಿ?”



“ನಾಕು ತಾಲೂಕಿಗೆ ನೀ ಒಬ್ಬಾಕಿನೇ ಅದಿ.”

ಇಂಡಿಗೆ ಹೋಗುವ ಬಸ್ ಬಂತು. ಇಬ್ಬರೂ ಎದ್ದರು.

“ಸೈದಾಬಿ ಏನಂದ್ಲು?”

“ಕೂಸು ಉಂಡೈತೇನು ಅಂತ ನನ್ನ ಕೇಳಿದ್ಲ್ರಿ.”

ಬಸ್ ಹೊರಟಿತು.