ಹತ್ತು ಮೀಟರ್ ನೀರಿಗೆ ಗ್ಯಾರಂಟಿ

…ಅಲ್ಲ ಸ್ಟೀವನ್, ನೀನೇ ಹೇಳು ಮಾರಾಯ. ಈ ಕಿತ್ತಳೆ ಬಣ್ಣದ ಕ್ಯಾಮೆರಾ ಹತ್ತು ಮೀಟರ್ ನೀರಿಗೆ ಇಳಿಯುತ್ತದೆ. ಈ ಕಪ್ಪು ಮೂರೇ ಮೀಟರ್. ಆದರೆ ಕಪ್ಪು ಎದೆಮಟ್ಟದಿಂದ ಬಿದ್ದರೂ ಎಂತದೂ ಆಗುವುದಿಲ್ಲವಂತೆ, ಮೈಮೇಲೆ ನೂರು ಕಿಲೋ ಹೇರಿದರೂ ಎಂತದೂ ಆಗುವುದಿಲ್ಲವಂತೆ. ಪುಸ್ತಕದಲ್ಲಿ ಚಿತ್ರವೇ ಉಂಟಲ್ಲ! ಒಬ್ಬ ಬೂಟು ಹಾಕಿಕೊಂಡು ಕ್ಯಾಮೆರಾದ ಮೇಲೆ ಹತ್ತಿ ನಿಂತಿದ್ದಾನೆ. ನಗುತ್ತಾ! ನಮ್ಮ ಕಲ್ಲುಕೋರೆಯ ಧಣಿಗಳು ಈ ಪುಸ್ತಕ ಓದಿಯೇ ಕಲಿತದ್ದಾ ಎಂತ?

ಯಾಕೆ ನಗುತ್ತೀಯ? ಸುಳ್ಳಾ ನಾನು ಹೇಳಿದ್ದು?

ನೋಡು, ಇದಕ್ಕೆ ಎರಡು ವರ್ಷದ ಗ್ಯಾರಂಟಿ. ಬಿದ್ದರೆ ಗ್ಯಾರಂಟಿ, ಮುಳುಗಿದರೆ ಗ್ಯಾರಂಟಿ, ಧೂಳು ಹೊಕ್ಕರೆ ಗ್ಯಾರಂಟಿ. ಕಲ್ಲಯ್ಯ ಕೋರೆಯಲ್ಲಿ ಬಿದ್ದದ್ದು ನಲವತ್ತು ಅಡಿ ಕೆಳಗೆ. ಮೂಗಿನೊಳಗೆ ಮೂರು ವರ್ಷದ ಕಲ್ಲುಹುಡಿ. ಅವನಿಗೆ ಯಾವ ಕಂಪನಿಯ ಗ್ಯಾರಂಟಿ ಇತ್ತು? ಒಂದು ಹಗ್ಗ ಇರಲಿಲ್ಲ ಸೊಂಟಕ್ಕೆ! ಬಾಗಲಕೋಟೆ ಕಡೆಯಿಂದ ಹೊಟ್ಟೆಪಾಡಿಗೆ ಬಂದವನು. ಅವನ ಅಪ್ಪ ಅಮ್ಮ ಮಾಡಿದ ತಪ್ಪು ಅದೇ, ನೋಡು. ಮಗನನ್ನು ಹೆರುವ ಬದಲು ಜಪಾನಿಗೆ ಬರೆದು ಇಂಥದ್ದೊಂದು ತರಿಸಬೇಕಿತ್ತು.

ಹೌದು, ಹೌದು, ಗೊತ್ತುಂಟು ನನಗೆ. ಕಿತ್ತಳೆಯದ್ದೇ ತೆಗೆದುಕೋ ಎಂದು ನೀನು ಆಗಲೇ ಹೇಳಿದೆ. ಹತ್ತು ನಿಮಿಷದಿಂದ ಅದನ್ನೇ ಹೇಳುತ್ತಿದ್ದೀಯ. ಆದರೆ ಸಂಘದ ಹಣ ಮಾರಾಯ, ಸುಮ್ಮನೆ ತೆಗೆದುಕೊಂಡು ಹೋಗಲಿಕ್ಕೆ ಆಗುತ್ತದಾ? ನೋಡಬೇಕು, ತೂಗಬೇಕು. ನಾಳೆ ಸಂಘದ ಸಂಗಮೇಶ ಕೇಳುತ್ತಾನೆ, ಅಣ್ಣಾ ಎರಡರಲ್ಲಿ ಇದೇ ಯಾಕೆ ಎಂದು. ಕಲ್ಲು ಒಡೆಯುವವರ ಸಂಘದ ಕಾರ್ಯದರ್ಶಿ ನಾನು. ಏಳನೇ ಕ್ಲಾಸು ಓದಿ ಲೇಬರ್ ಕಾನೂನನ್ನು ಬಾಯಿಪಾಠ ಮಾಡಿದವನು. ಲಿಗೋರಿ ಉತ್ತರ ಕೊಡದೆ ಬಿಟ್ಟದ್ದುಂಟಾ?

ಇದರ ಚಿತ್ರ ಚಂದ, ಕಪ್ಪಿನದ್ದು. ಅಲ್ವಾ? ಅಗಲ ಬರುತ್ತದೆ. ಕಿತ್ತಳೆಯದ್ದು ಸ್ವಲ್ಪ ಮಬ್ಬು. ಮತ್ತೆ ಇದು ನೋಡು… ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕೆಲಸ ಮಾಡುತ್ತದಂತೆ! ಎಲ್ಲಿ ಮಾರಾಯ, ಕಾರ್ಕಳದಲ್ಲಾ? ಮೇ ತಿಂಗಳಲ್ಲಿ ಬೆಳ್ಮಣ್ಣಿನಲ್ಲಿ ಹಿಮ ಬೀಳುವಾಗ ಬೇಕಾದೀತು, ಇಡು. ನಿನ್ನ ಭಾವ ಕಜೆಟನ್ ದುಬೈಯಲ್ಲಿ ಕೂತು ಎಷ್ಟು ದೂರದ ಯೋಚನೆ ಮಾಡಿ ಕಳಿಸಿದ್ದಾನೆ ಎರಡನ್ನೂ!

ಮತ್ತೆ ನಗುತ್ತೀಯ. ನಗು, ನಗು. ಸೋಮವಾರ ಮಣಿಪಾಲದಲ್ಲಿ ಲೇಬರ್ ಆಫೀಸರನ ಎದುರು ನಿಲ್ಲುವವನು ನಾನು ತಾನೇ, ನೀನಲ್ಲ.

ನಾನು ಎಂತ ಹೇಳುತ್ತೇನೆ ಗೊತ್ತುಂಟಾ ಸೋಮವಾರ? ಕೇಳು. ಸ್ವಾಮೀ, ಕಲ್ಲಯ್ಯ ಎನ್ನುವವನು ತಮ್ಮ ಕೋರೆಯಲ್ಲಿ ಕೆಲಸಕ್ಕೇ ಇರಲಿಲ್ಲ ಎಂದು ಈ ಧಣಿಗಳು ಬರೆದು ಕೊಟ್ಟಿದ್ದಾರೆ. ದಾರಿಹೋಕನಂತೆ! ಕುಡಿದು ಬಂದು ಹೊಂಡಕ್ಕೆ ಬಿದ್ದದ್ದಂತೆ! ಆಗಲಿ. ಹಾಗಾದರೆ ದಾರಿಹೋಕನ ಹೆಸರು ಹೊಂಡದ ತಳದ ಬಂಡೆಯ ಮೇಲೆ ಕೆಂಪು ಪೇಂಟಿನಲ್ಲಿ ಯಾಕುಂಟು? ಕೋರೆಯಲ್ಲಿ ಸಿಡಿಮದ್ದು ತುಂಬಲಿಕ್ಕೆ ಕುಳಿ ಕೊರೆಯುವವನು ಕೊರೆದಷ್ಟು ಕುಳಿಯ ಪಕ್ಕ ತನ್ನ ಹೆಸರು, ಲೆಕ್ಕ ಬರೆಯುತ್ತಾನೆ ಸ್ವಾಮೀ, ಶನಿವಾರ ಲೆಕ್ಕದ ರೈಟರ್ ಬಂದು ನೋಡಿಕೊಳ್ಳಲಿಕ್ಕೆ. ದಾರಿಹೋಕ ಬಂದು ಹದಿನೇಳು ಕುಳಿ ಕೊರೆದು, ಹೆಸರು ಬರೆದು, ಆಮೇಲೆ ಬಿದ್ದನಾ? ಎಂದು ಕೇಳಿ, ಫೋಟೋ ತೆಗೆದು ಮೇಜಿನ ಮೇಲೆ ಹೀಗೆ ಇಡುತ್ತೇನೆ. ಟಪ್ಪ್! ಧಣಿಯ ವಕೀಲನ ಕೋಟು ಒದ್ದೆಯಾಗಬೇಕು.

ಫೋಟೋ ಎಲ್ಲಿ, ಎಂದು ನೀನು ಹುಬ್ಬು ಏರಿಸುವುದು ಬೇಡ. ಇದ್ದ ಫೋಟೋ ಹೋಯಿತಲ್ಲ, ಹೇಳಿದ್ದೇನೆ ನಿನಗೆ. ಕಲ್ಲಯ್ಯ ಸತ್ತ ಎರಡನೇ ದಿನ ನಾನೇ ಹೋಗಿ, ನಾನೇ ಏಣಿ ಇಳಿದು, ನಾನೇ ತೆಗೆದದ್ದು. ಅವನ ಹೆಂಡತಿ ನಾಗವೇಣಿ ಹೇಳಿ ಕಳಿಸಿದ್ದಳು. ಅಣ್ಣಾರ, ನಮ್ಮವರ ಹೆಸರು ಬಂಡೆಗಲ್ಲಿನ ಮ್ಯಾಲ ಐತ್ರಿ, ಲಗೂನ ಹೋಗಿ ಫೋಟೋ ಹೊಡಕೊಂಡು ಬರ್ರಿ ಎಂದು. ಎರಡು ಫೋಟೋ ತೆಗೆದೆ. ಮೇಲೆ ಹತ್ತುವಾಗ ಕೈ ಜಾರಿತು, ಕ್ಯಾಮೆರಾ ತಳದ ನೀರಿಗೆ ಬಿತ್ತು, ಹೆಕ್ಕುವಾಗ ಸತ್ತಿತ್ತು. ಅಷ್ಟೇ. ಅದಾದ ಮೂರನೇ ದಿನಕ್ಕೆ ಅವರು ಪಂಪು ನಿಲ್ಲಿಸಿದರು. ಕೆಲಸ ನಿಲ್ಲಿಸಿದ್ದೇವೆ, ಮೃತರಿಗೆ ಗೌರವ ಅಂತೆ! ಎಂಥ ಗೌರವ! ಒರತೆಯ ನೀರು ತುಂಬಿ ಹೆಸರು ಮುಳುಗಿತು.

ಎಷ್ಟು ಆಳ ಎಂದರೆ… ಹೂಡೆಯ ಕಿಟ್ಟ ಕಲ್ಲು ಕಟ್ಟಿ ಹಗ್ಗ ಬಿಟ್ಟು ನೋಡಿದ್ದಾನೆ. ಮೂರು ಮಾರು. ಅವನು ಹೊಳೆಯಲ್ಲಿ ಮುಳುಗಿ ಮರುವಾಯಿ ಚಿಪ್ಪು ಹೆಕ್ಕುವವನು, ಅವನಿಗೆ ಮೀಟರು ಗೀಟರು ಗೊತ್ತಿಲ್ಲ. ಮೂರು ಮಾರು ಎಂದರೆ ಐದು ಮೀಟರಿನ ಮೇಲೆ. ಹಾಗಾದರೆ ಕಿತ್ತಳೆಯದ್ದೇ ಸರಿ, ಒಪ್ಪಿದೆ. ಇವತ್ತು ಸಂಜೆಯೊಳಗೆ ಕಿಟ್ಟನ ಕೈಗೆ ಕೊಟ್ಟರೆ ಒಂದೇ ಮುಳುಗು. ನಾಗವೇಣಿಗೆ ಪರಿಹಾರ ಸಿಗುವುದಿದ್ದರೆ ಅದೊಂದು ಫೋಟೋದಿಂದ. ಬೇರೆ ಸಾಕ್ಷಿ ಇಲ್ಲ, ಸಂಗಮೇಶನಂಥವರು ಕೆಲಸ ಹೋದೀತೆಂದು ಬಾಯಿ ಬಿಡುವುದಿಲ್ಲ. ಸಾಕ್ಷಿ ಹೇಳಬೇಕಾದ ಕರಿಬಸವನನ್ನು ಅವರು ಊರಿಗೆ ಬಸ್ಸು ಹತ್ತಿಸಿ ಆಯಿತು.

ನಿನ್ನೆ ತಂದುಕೊಟ್ಟ ಆ ಹಳೆಯ ಕ್ಯಾಮೆರಾವನ್ನು ಯಾಕೆ ಇನ್ನೂ ಬಿಚ್ಚುತ್ತಿದ್ದೀಯ? ಬಿಡು ಮಾರಾಯ. ನೀರು ಹೊಕ್ಕದ್ದು ಸತ್ತ ಹಾಗೆ. ನಿನ್ನ ಹೆಂಡತಿ ಆನ್ಸಿಲ್ಲಾ ಪುನರ್ಪುಳಿ ಶರಬತ್ತು ತಂದಿಟ್ಟು ಎಷ್ಟು ಹೊತ್ತಾಯಿತು, ಕುಡಿ.

ಎಂತ ಮೂಸುತ್ತೀಯ?

ವಾಸನೆ ಎಂತದು, ಕ್ಯಾಮೆರಾದಲ್ಲಿ?… ಸೋಪಾ?

ಸೋಪಿನ ವಾಸನೆ ಬರಲಿಕ್ಕೆ ಅದೆಂತ ಬಚ್ಚಲು ಮನೆಯಾ? ಕೋರೆಯ ನೀರು ಸ್ವಾಮೀ ಅದು, ಕೆಲಸದವರು ಅಲ್ಲಿಯೇ ಬಟ್ಟೆ ಒಗೆಯುತ್ತಾರೆ. ಹೊಂಡದ ತಳದಲ್ಲಿ. ಹೌದು. ಯಾಕೆ ಒಗೆಯಬಾರದು? ನೀನು ಕಾಪುವಿನಲ್ಲಿ ಮದುವೆಯ ಫೋಟೋ ತೆಗೆಯುವವನು, ನಿನಗೆ ಕೋರೆ ಎಂತ ಗೊತ್ತು?

ಕ್ಯಾಮೆರಾ ಒರೆಸಿದ ಹತ್ತಿ ತೋರಿಸಬೇಡ ನನಗೆ. ಹುಡಿ ಇಲ್ಲ ಎಂದರೆ ಇಲ್ಲ. ಎಲ್ಲ ನೀರಿನಲ್ಲೂ ಕಲ್ಲುಹುಡಿ ಇರಲೇಬೇಕೆಂದು ಕಾನೂನು ಉಂಟಾ? ನಾನು ಮನೆಗೆ ಬಂದ ಮೇಲೆ ಒಮ್ಮೆ… ತೊಳೆದೆ. ಬಕೇಟಿನಲ್ಲಿ. ಕೆಸರಾಗಿತ್ತಲ್ಲ, ಹಾಗಾಗಿ ತೊಳೆದೆ. ಹೇಗೂ ಸತ್ತದ್ದಲ್ಲವಾ, ಹೆಣವನ್ನು ಸ್ನಾನ ಮಾಡಿಸುವುದಿಲ್ಲವಾ? ಹಾಗೆ.

ಈಗ ಯಾಕೆ ನಗುವುದಿಲ್ಲ ನೀನು? ಅದು ಒಳ್ಳೆಯ ಜೋಕಾಗಿತ್ತು.

ತಡಿ, ಫೋನು. ಕಿಟ್ಟನದ್ದೇ. ನೋಡು, ನೂರು ವರ್ಷ ಆಯುಸ್ಸು!… ಹಲೋ, ಕಿಟ್ಟಾ? ಹೇಳು, ತೆಗೆದುಕೊಂಡೆ ಕ್ಯಾಮೆರಾ. ಹತ್ತು ಮೀಟರಿನದ್ದು! ನೀನು ತಳದಲ್ಲಿ ಕೂತು ಎಲೆಯಡಿಕೆ ಹಾಕಿದರೂ ಅದಕ್ಕೆ ಎಂತದೂ… ಎಂತ?… ಯಾರದ್ದು ಟಿಪ್ಪರು?… ಎಷ್ಟು ಲೋಡು?… ಬೆಳಿಗ್ಗೆಯಿಂದಲಾ?… ಹೆಸರು ಇದ್ದ ಬದಿಗೇನಾ? ಸರಿಯಾಗಿ ನೋಡಿದೆಯಾ?… ಇಲ್ಲ, ಇಳಿಯಬೇಡ. ಇಳಿಯಬೇಡ ಎಂದೆನಲ್ಲ! ಮೇಲಿಂದ ಸುರಿಯುತ್ತಿರುವಾಗ ಇಳಿದು ನೀನೂ ಸಾಯುತ್ತೀಯಾ?… ಮನೆಗೆ ಹೋಗು.

ಹೊಂಡ ಮುಚ್ಚುತ್ತಿದ್ದಾರೆ ಸ್ಟೀವನ್. ಕಲ್ಲಿನ ಚೂರು, ಹುಡಿ, ಎಲ್ಲ ತಂದು ಸುರಿಯುತ್ತಿದ್ದಾರೆ. ಹೆಸರು ಇದ್ದ ಬದಿ ಮುಚ್ಚಿಯೇ ಹೋಯಿತಂತೆ. ಅಪಾಯದ ಹೊಂಡ, ಇನ್ನೊಬ್ಬ ಬೀಳಬಾರದಲ್ಲ ಎಂದು! ಎಂಥ ಕರುಣೆ! ಇವರಿಗೆ ಪ್ರಶಸ್ತಿ ಕೊಡಬೇಕು. ಕಲ್ಲಯ್ಯ ಬೀಳುವ ಮುಂಚೆ ನಾಲ್ಕು ಗೂಟ ಹೊಡೆದು ಒಂದು ಹಗ್ಗ ಕಟ್ಟಲಿಕ್ಕೆ ಕೈ ಇರಲಿಲ್ಲ. ಈಗ ಟಿಪ್ಪರೇ ಬಂತು!

ಇಡು ನಿನ್ನ ಕಿತ್ತಳೆ. ಇಡು ಕಪ್ಪು. ನೀರಿಗೆ ಇಳಿಯುವ ಕ್ಯಾಮೆರಾ ಮಾಡಿದ್ದಾರೆ, ಕಲ್ಲಿನೊಳಗೆ ಇಳಿಯುವ ಕ್ಯಾಮೆರಾ ಯಾವ ಜಪಾನಿನವನೂ ಮಾಡಿಲ್ಲ. ಮುಗಿಯಿತು. ಸೋಮವಾರ ನಾನು ಬರಿಗೈಯಲ್ಲಿ ಹೋಗಿ ಭಾಷಣ ಮಾಡುತ್ತೇನೆ. ಅದೊಂದು ಚೆನ್ನಾಗಿ ಬರುತ್ತದೆ ನನಗೆ. ನಾಗವೇಣಿಗೆ ಹೇಳುತ್ತೇನೆ, ಅಕ್ಕಾ, ದೇವರಿದ್ದಾನೆ ಎಂದು.

ಎಂತ ನೋಡುತ್ತೀಯ ಹಾಗೆ? ಕೈ ಜಾರದ ಮನುಷ್ಯ ಯಾರಿದ್ದಾನೆ? ಕ್ಯಾಮೆರಾ ಬಿದ್ದದ್ದು ನನ್ನ ತಪ್ಪಾ?

ಸ್ಟೀವನ್… ಆ ಕಂಪ್ಯೂಟರನ್ನು ಈ ಕಡೆ ಯಾಕೆ ತಿರುಗಿಸುತ್ತೀಯ?

ಅದು… ಕ್ಯಾಮೆರಾದ ಆ ಕಾರ್ಡು… ಅದು ನೀರಿನಲ್ಲಿ ಹೋಗಲಿಲ್ಲವಾ?

ಹೋಗುವುದಿಲ್ಲವಾ? ಒಣಗಿಸಿದರೆ ಸಾಕಾ?… ಯಾರು ಹೇಳಿದ್ದು ನಿನಗೆ… ಹಾಂ. ನಿನ್ನ ಕಸುಬು. ಸರಿ.

ಬಂದ್ ಮಾಡು ಅದನ್ನು.

ಬಂದ್ ಮಾಡು ಎಂದೆ.

ಸರಿ, ಫೋಟೋದಲ್ಲಿ ನಾನೇ ಅದು. ಮತ್ತೆ ಯಾರು? ಕುರ್ಚಿಯಲ್ಲಿ ಕೂತದ್ದು ನಾನೇ. ಕೈಯಲ್ಲಿ ಎಳನೀರು. ಎಳನೀರು ಕುಡಿಯುವುದು ಅಪರಾಧವಾ? ಬಿಸಿಲಿತ್ತು. ಕೋರೆಯ ಬದಿಯ ಅವರ ಮನೆಯ ಚಾವಡಿ. ಹೌದು, ಧಣಿಯದ್ದೇ ಚಾವಡಿ! ಅದೇ ದಿನ! ತಾರೀಕು ಬರೆದುಕೊಂಡಿದೆ ಮೂಲೆಯಲ್ಲಿ, ನನಗೆ ಕಣ್ಣು ಕಾಣುತ್ತದೆ.

ನನಗೆ ಬೈ ಮಾರಾಯ. ಬೈದರೆ ನಾನು ಉತ್ತರ ಕೊಡುತ್ತೇನೆ.

…ಧಣಿಗಳು ಎದ್ದು ನಿಂತರು, ಸ್ಟೀವನ್. ನಾನು ಹೊಂಡದಿಂದ ಹತ್ತಿ ಬಂದಾಗ ಅವರು ಚಾವಡಿಯಲ್ಲಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ನಾನು ಯೋಚಿಸಿದ್ದೆ, ಹೊಡೆಸುತ್ತಾರೆ ಎಂದು. ಅದಕ್ಕೆ ತಯಾರಿದ್ದೆ. ಹೊಡೆದರೆ ತಿನ್ನುವುದು ಗೊತ್ತಿತ್ತು ನನಗೆ. ಕುರ್ಚಿ ಎಳೆದು ಕೊಟ್ಟರೆ ಎಂತ ಮಾಡುವುದು ಎಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ನನ್ನ ಅಪ್ಪ ಆ ಮನೆಯ ಒಕ್ಕಲು. ನಿನಗೆ ಗೊತ್ತುಂಟು. ತಲೆಗೆ ಕಟ್ಟಿದ ಬೈರಾಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಸಾಯುವವರೆಗೆ ಆ ಅಂಗಳದಲ್ಲೇ ನಿಂತವನು. ಮೆಟ್ಟಿಲು ಹತ್ತಿದವನಲ್ಲ. ಅಪ್ಪನ ಹಿಂದೆ ನಾನೂ ನಿಂತಿದ್ದೇನೆ. ಅದೇ ಚಾವಡಿ. ಕೂತುಕೊಳ್ಳಿ ಲಿಗೋರಿಯವರೇ, ನಿಮ್ಮ ಕರಪತ್ರ ಓದುತ್ತೇನೆ ನಾನು, ನೇರವಾಗಿ ಬರೆಯುತ್ತೀರಿ ಎಂದರು. ನಾನು ಬೈದು ಬರೆದ ಕರಪತ್ರ! ಅವರನ್ನೇ ಬೈದದ್ದು! ಓದಿದ್ದರು ಮಾರಾಯ. ನಮ್ಮ ಸಂಘದಲ್ಲಿ ಒಬ್ಬನೂ ಪೂರ್ತಿ ಓದಿದವನಿಲ್ಲ.

ಅಳಿಸು ಎಂದು ಅವರು ಹೇಳಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಹೇಳಲಿಲ್ಲ. ಸುಮ್ಮನೆ ಇಬ್ಬರಿಗೂ ಬೇಜಾರು ಯಾಕೆ, ಅಲ್ವಾ ಎಂದರು. ನಾನೇ ಒತ್ತಿದೆ. ಖಂಡಿತವಾಗಿಯೂ ಅಳಿಸಬೇಕಾ ಎಂದು ಕ್ಯಾಮೆರಾ ಕೂಡ ಕೇಳಿತು. ಅದಕ್ಕಿದ್ದ ಸಂಶಯ ನನಗಿರಲಿಲ್ಲ. ಎರಡು ಸಲ ಒತ್ತಿದೆ.

ಈ ಫೋಟೋನಾ? ರೈಟರ್ ತೆಗೆದದ್ದು. ನಾನೇ ಕೇಳಿದೆ, ಒಂದು ತೆಗೆಯಿರಿ ಎಂದು. ಕೂತ ಜಾಗ… ಮರೆತುಹೋಗಬಾರದು ಎಂದು. ಕ್ಯಾಮೆರಾವನ್ನು ಸೋಪಿನ ಬಕೇಟಿಗೆ ಹಾಕುವ ಮುಂಚೆ ಇದನ್ನೂ ಅಳಿಸಬಹುದಿತ್ತು. ಬೆರಳು ಹೋಗಲಿಲ್ಲ. ನೀರಿಗೆ ಹಾಕಿದರೆ ಎಲ್ಲ ಒಟ್ಟಿಗೆ ಹೋಗುತ್ತದೆ ಎಂದುಕೊಂಡೆ.

ಅಳಿಸಿದ್ದು ವಾಪಸು ಬರುತ್ತದಾ?… ಹುಡುಕಿದೆಯಾ?… ಸಿಗಲಿಲ್ಲ. ಹಾಂ.

ಯಾಕೆ ದೊಡ್ಡದು ಮಾಡುತ್ತೀಯ? ನನ್ನ ಹಲ್ಲು ಎಣಿಸಲಿಕ್ಕಾ? ಸಾಕು ಮಾರಾಯ, ನೋಡಿದೆ. ನಗುತ್ತಿದ್ದೇನೆ, ನೋಡಿದೆ!… ಎಲ್ಲಿ? ನನ್ನ ಹಿಂದೆ? ಗೋಡೆ ಅದು. ಗೋಡೆಯ ಮೇಲೆ ರೈಟರನ ಹಲಗೆ. ಸೀಮೆಸುಣ್ಣದಲ್ಲಿ ವಾರದ ಲೆಕ್ಕ…

ಇನ್ನೂ ಹತ್ತಿರ ತಾ.

ಸಂಗಮೇಶ, ಹನ್ನೊಂದು. ಕರಿಬಸವ, ಒಂಬತ್ತು. ಕಲ್ಲಯ್ಯ…

ಕಲ್ಲಯ್ಯ, ಹದಿನೇಳು.

ಅಳಿಸಿರಲಿಲ್ಲ ಅವರು! ಅವನು ಬಿದ್ದು ಎರಡು ದಿನವಾಗಿ ಪೊಲೀಸರು ಬಂದು ಹೋಗಿ, ಎಲ್ಲ ಕಾಗದ ಸುಟ್ಟು, ಹಲಗೆ ಅಳಿಸಲಿಕ್ಕೆ ಮರೆತರಾ? ಅವರು ನನ್ನನ್ನು ನೋಡುತ್ತಿದ್ದರು. ನಾನು ನನ್ನನ್ನೇ ನೋಡುತ್ತಿದ್ದೆ. ಹಲಗೆಯನ್ನು ಯಾರೂ ನೋಡಲಿಲ್ಲ.

ಸ್ಟೀವನ್, ಸಾಕು! ಇಷ್ಟು ಸಾಕು! ಹಲಗೆಯಷ್ಟೇ ಕತ್ತರಿಸಿ ಪ್ರಿಂಟು ತೆಗಿ. ನನ್ನನ್ನು ತೆಗೆದುಬಿಡು. ಕುರ್ಚಿ, ಎಳನೀರು, ಎಲ್ಲ ತೆಗಿ. ಬರೀ ಹಲಗೆ. ಬೇಗ.

ಕತ್ತರಿಸು ಮಾರಾಯ. ಮೌಸಿನಿಂದ ಕೈ ಯಾಕೆ ತೆಗೆದೆ?

…ಬರೀ ಹಲಗೆ ಇದ್ದರೆ ಯಾವ ಊರಿನ ಹಲಗೆಯೂ ಆಗಬಹುದು. ಹೌದು. ವಕೀಲ ಅದನ್ನೇ ಕೇಳುತ್ತಾನೆ. ಚಾವಡಿಯ ಕಂಬ ಬೇಕು. ಧಣಿಯ ಅರ್ಧ ಹೆಗಲು ಕಾಣುತ್ತದಲ್ಲ, ಅದು ಬೇಕು. ತಾರೀಕು ಬೇಕು. ನಡುವಿನಲ್ಲಿ ಕೂತ ನನ್ನನ್ನು ತೆಗೆದರೆ ಎಲ್ಲ ಹೋಗುತ್ತದೆ. ಅಲ್ವಾ?



ಹೇಳಬೇಡ. ಗೊತ್ತಾಯಿತು.

ತೆಗಿ. ಪೂರ್ತಿ ಫೋಟೋ ಪ್ರಿಂಟು ತೆಗಿ. ದೊಡ್ಡದೇ ತೆಗಿ, ಕನ್ನಡಕ ಹಾಕದೆ ಆಫೀಸರನಿಗೆ ಓದಲಿಕ್ಕೆ ಬರಬೇಕು… ಸ್ವಲ್ಪ ನಿಲ್ಲು. ಒಂದು ನಿಮಿಷ. ಸೋಮವಾರದವರೆಗೆ ಇಟ್ಟುಕೊಂಡು ಪ್ರಯೋಜನವಿಲ್ಲ, ಇವತ್ತೇ ನಾಗವೇಣಿಗೆ ಕೊಂಡುಹೋಗಿ ತೋರಿಸಬೇಕು, ನಾನೇ. ಅವಳಿಗೆ ಓದಲಿಕ್ಕೆ ಬರುವುದಿಲ್ಲ ಸ್ಟೀವನ್. ಆಫೀಸರನಿಗೆ ಹಲಗೆ ಕಾಣುತ್ತದೆ. ಅವಳಿಗೆ ನಾನು ಮಾತ್ರ ಕಾಣುವುದು.